ಎರಡನೇ ಬದಿಯ ಕೊನೆಗೆ

ಮುನ್ನೂರು ತಟ್ಟೆ ಬಂದಿವೆ, ಆರು ಪೆಟ್ಟಿಗೆಗಳಲ್ಲಿ.
ಹೊತ್ತು ತಂದ ಹುಡುಗ ಸೊಂಟ ಹಿಡಿದುಕೊಂಡು
‘ಟೈಲ್ಸೇನಮ್ಮ?’ ಅಂದ. ಹೌದೆಂದೆ.
ಪೆಟ್ಟಿಗೆಯ ಮೇಲಿದ್ದ ಮಗಳ ಬ್ಯಾಂಡಿನ ಹೆಸರು
ನಾನು ಬಾಯಿಬಿಟ್ಟು ಹೇಳುವಂಥದ್ದಲ್ಲ.
ಪಾದ್ರಿ ಕೇಳಿದಾಗ
‘ಯಾವುದೋ ಹಕ್ಕಿಯ ಹೆಸರು, ಫಾದರ್’
ಎಂದು ತಪ್ಪಿಸಿಕೊಂಡಿದ್ದೇನೆ.

ಜೀಲಾಂಗಿನ ಜುಲೈ.
ಕೊಲ್ಲಿಯ ಕಡೆಯಿಂದ ಗಾಳಿ ಚಾಕು ಮಸೆಯುತ್ತ ಬರುವ ತಿಂಗಳು.
ಅಡುಗೆಮನೆಯ ಮೇಜಿಗೆ ಕೂತು ಕವರು ಮಡಿಸುತ್ತಿದ್ದೇವೆ:
ಇನೆಸ್, ನೆರಿಡಾ, ಬೇಸ್ ನುಡಿಸುವ ಉದ್ದನೆಯ ಫ್ಲೆಚ್, ನಾನು.
ಅಂಚಿಗೆ ಅಂಟು, ಹೆಬ್ಬೆರಳಿನಿಂದ ಒಂದು ಒತ್ತು.
ನನ್ನದು ನೂರು ಮುಗಿದಾಗ
ಮೂವರದೂ ಸೇರಿ ಅರವತ್ತು.
ಸ್ಟ್ರೂಡೆಲ್ ಹಿಟ್ಟನ್ನು ಹರಿಯದಂತೆ
ಮೇಜಿನುದ್ದ ಎಳೆದ ಬೆರಳುಗಳಿಗೆ ಇದೇನು ಮಹಾ!

ಗರಾಜು ಎಂದರೆ ಕಾರಿನ ಮನೆ ತಾನೆ?
ಎರಡು ವರ್ಷದಿಂದ ಕಾರು ಬೀದಿಯಲ್ಲಿದೆ,
ಕಾರಿನೊಳಗೆ ನನ್ನ ಗಂಡ,
ಗಾಜು ಏರಿಸಿಕೊಂಡು, ರೇಡಿಯೋದ ಫುಟ್‌ಬಾಲಿಗೆ ಕಿವಿಗೊಟ್ಟು.
ಗರಾಜಿನಲ್ಲಿ ಡ್ರಮ್ಮು,
ಯಾರೋ ಬೀದಿಗೆಸೆದ ಆಂಪ್ಲಿಫೈಯರು.
ಅದರ ಸ್ಪೀಕರು ಹರಿದಿದೆ.
ಹೊಲಿಸೋಣವೇ ಅಂದೆ.
ಹರಿದಿರುವುದೇ ಅದರ ಕಂಠವಂತೆ.

ಇಪ್ಪತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ಬಣ್ಣ ಹೊಡೆದವನು ಯದ್ರಾನ್.
ಅದು ಮುಚ್ಚಿದ ಮೇಲೆ
ಬೇಲಿಗೂ ಬಣ್ಣ ಬಳಿದವನಲ್ಲ.
ಮೊನ್ನೆ ಹಿತ್ತಲಲ್ಲಿ ಈ ಮಕ್ಕಳು
ಅಚ್ಚಿನ ರಟ್ಟು ಇಟ್ಟು ಸ್ಪ್ರೇ ಹೊಡೆಯುವುದನ್ನು ನೋಡಲಾರದೆ
ಕಾರಿನಿಂದ ಇಳಿದು ಬಂದು ಡಬ್ಬಿ ಕಿತ್ತುಕೊಂಡ.
‘ಒಂದು ಗೇಣು ದೂರ. ಕೈ ನಿಲ್ಲಬಾರದು. ಉಸಿರು ನಿಲ್ಲಬೇಕು.’
ಸಂಜೆಯೊಳಗೆ ಮುನ್ನೂರು ಕಿತ್ತಳೆ ನಾಯಿ
ಬಟ್ಟೆ ಹಗ್ಗದಲ್ಲಿ ನೇತಾಡಿದವು,
ಒಂದರ ಬಾಲದಿಂದಲೂ ಬಣ್ಣ ಸೋರಿರಲಿಲ್ಲ.
ಫ್ಲೆಚ್‌ಗೆ ಒಳಗೊಳಗೇ ಬೇಜಾರು:
ಸೋರಿದ್ದರೇ ಚೆನ್ನಿತ್ತಂತೆ.

ಈಗ ಒಂದನ್ನು ತಿರುಗಲು ಬಿಟ್ಟಿದ್ದಾರೆ.
ಮೊದಲ ಬದಿ ಒಂದು ನಿಮಿಷ ಐವತ್ತೆರಡು ಸೆಕೆಂಡು,
ಎರಡು ಈರುಳ್ಳಿ ಹೆಚ್ಚುವಷ್ಟು ಹೊತ್ತು.
ಇನೆಸ್ ಒನ್ ಟೂ ಎನ್ನುತ್ತಾಳೆ,
ಮೂರು ನಾಲ್ಕರವರೆಗೆ ಯಾರಿಗಿದೆ ತಾಳ್ಮೆ!
ಗಿಟಾರು ತಗಡಿನ ಮೇಲೆ ತಗಡು ಎಳೆಯುತ್ತದೆ,
ನೆರಿಡಾ ಏನೋ ಕೇಳುತ್ತಾಳೆ,
ಉತ್ತರ ಬಂದರೆ ಹೊಡೆಯುವವಳಂತೆ.
ಮಾತು ಹಿಡಿಯಲು ನೋಡಿದೆ:
‘ಬಸ್ಸು’, ‘ನಿನ್ನ ಹಲ್ಲು’, ಮತ್ತೆ ‘ಬಸ್ಸು’,
ಅಷ್ಟರಲ್ಲಿ ಮುಗಿಯಿತು.

‘ಇನ್ನೊಂದು ಬದಿ, ಅಮ್ಮ. ಎದ್ದು ಹೋಗಬೇಡ.’
ಮಗಳು ನನ್ನ ಕಣ್ಣು ತಪ್ಪಿಸುತ್ತಾಳೆ.

ಏಪ್ರಿಲಿನ ಒಂದು ಮಧ್ಯಾಹ್ನ.
ಪಕ್ಕದ ಮನೆಯ ಬ್ರಾನ್ವೆನ್
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಮಲಗಿದ್ದಳು.
ಚಪ್ಪಲಿ ಎಳೆದುಕೊಂಡು ಹೋಗಿ
ಹಿಟ್ಟಿನ ಕೈಯಲ್ಲೇ ಗರಾಜಿನ ತಗಡುಬಾಗಿಲು ಬಡಿದೆ.
ಹಾಡು ನಿಂತಿತು. ಗೆದ್ದೆ ಎಂದುಕೊಂಡು ಬಂದೆ.
ನಿಲ್ಲದೆ ಇದ್ದದ್ದು
ಅವರ ಟೇಪು.

ಹಾಡು ಎಡವುತ್ತದೆ, ಡ್ರಮ್ಮು ಎರಡು ಹೆಜ್ಜೆ ತಡವರಿಸಿ ಕೂರುತ್ತದೆ,
ಆಮೇಲೆ ದಡ್ ದಡ್.

ನನ್ನ ಅಂಗೈ.
ಮುಳ್ಳು ಏಳುವುದಿಲ್ಲ.
ಕೊನೆಯ ಗೆರೆಯ ಬಾಲವನ್ನು ಅದರ ಬಾಯಿಗೇ ಕೊಟ್ಟಿದ್ದಾರೆ,
ಕಾಸು ಕೊಟ್ಟು, ಬೇಕೆಂದೇ.
ದಡ್ ದಡ್. ದಡ್ ದಡ್.
ಹಾಡಿದ್ದೇ ಹಾಡುವ ಕಿಸಬಾಯಿದಾಸ ಇನ್ನು ನಾನೇ:
ಒಸಾಕದ ಯಾವನದೋ ಕೋಣೆಯಲ್ಲಿ,
ಬೋರ್ದೋದ ಒಂದು ಮಾಳಿಗೆಯಲ್ಲಿ,
ಎದ್ದು ಹೋಗಿ ಯಾರಾದರೂ ಮುಳ್ಳು ಎತ್ತುವ ತನಕ
ಮಲಗಿದವರಿದ್ದಾರೆ, ಸಾಕು ಮಾಡಿ, ಎನ್ನುತ್ತ
ಬಡಿಯುತ್ತಲೇ ಇರುತ್ತೇನೆ.
ಬೈಯಬೇಕೆಂದು ಬಾಯಿ ತೆರೆದೆ.
ತಾಳಕ್ಕೆ ಸರಿಯಾಗಿತ್ತು.

ಬ್ರಾನ್ವೆನ್ ಆಗಲೇ ಒಂದು ಕೊಂಡಿದ್ದಾಳೆ, ಚಿಲ್ಲರೆ ಬೇಡವೆಂದಳು.
ಅವಳ ಮನೆಯಲ್ಲಿ ಪ್ಲೇಯರ್ ಇಲ್ಲ.

ನಾಲ್ವರಲ್ಲಿ ಯಾರೂ ಏಳಲಿಲ್ಲ.
ಪಂದ್ಯ ಮುಗಿದಿರಬೇಕು,
ಬೀದಿಯಲ್ಲಿ ಕಾರಿನ ಬಾಗಿಲು ಹಾಕಿದ ಸದ್ದು.
ಕಾಲೊರೆಸುತ್ತ ಯದ್ರಾನ್ ಒಳಗೆ ಬಂದ:
‘ಆಗಿಂದ ಯಾರೋ ಬಾಗಿಲು ಬಡಿಯುತ್ತಿದ್ದಾರೆ,
ತೆಗೆಯಬಾರದೇನ್ರೇ?’