ಹೊಟ್ಟೆಗೆ ಹಾಕಿಕೊಂಡದ್ದು

ತೋಡೂರು ಕಾಲೊನಿಯ ಕೊನೇ ಸಾಲಿನಲ್ಲಿ
ಜೆಸಿಂತಾಳ ಹಂದಿಗೂಡು.
ತಗಡಿನ ಮಾಡು, ಚಿರೆಕಲ್ಲಿನ ಮೋಟುಗೋಡೆ,
ಗೋಡೆಯ ಮೇಲೆ ಒಣಗಲು ಹರವಿದ ಇನಾಸನ ಬಲೆ.

ನಾನು ಪಶು ಆಸ್ಪತ್ರೆಯ ಕಂಪೌಂಡರ್.
ಬೈಕು ನಿಲ್ಲಿಸುವ ಮೊದಲೇ ಮೂಗಿಗೆ ತಿಳಿಯುತ್ತದೆ
ಒಳಗೆ ಏನೆಂದು.
ಇವತ್ತು ಹಳದಿ ನೀರು.

ಆರು ಮರಿ ಮನೆಯವು,
ತಾಯಿಯ ಮಗ್ಗುಲಲ್ಲಿ ಪೂರ್ತಿ ನಾಲ್ಕು ವಾರ ಮಲಗಿದವು.
ಆರು ಮಾಜಾಳಿ ಕಡೆಯಿಂದ
ಹದಿನೇಳನೇ ದಿನಕ್ಕೆ ಗೋಣಿಯಲ್ಲಿ ಬಂದವು,
ಟೆಂಪೊದ ಹಿಂದೆ, ಮೀನಿನ ಖಾಲಿ ಕ್ರೇಟುಗಳ ನಡುವೆ.
ಬಂದವುಗಳ ಕಿವಿಗೆ ಮಗಳು
ಕೆಂಪು ನೈಲ್ ಪಾಲಿಶ್ ಹಚ್ಚಿದ್ದಳು, ಗುರುತಿಗೆ.

ಹಂದಿಮರಿ ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ,
ಹುಟ್ಟಿದ್ದೇ ಜಗಳಕ್ಕೆ ಬೀಳುತ್ತದೆ.
ಕಚ್ಚಾಡಿ, ಕಿರುಚಿ, ಗೆದ್ದ ಮೇಲೆ
ಅದೇ ಮೊಲೆ, ಅದೇ ಜಾಗ, ಕತ್ತಲಲ್ಲೂ ತಪ್ಪುವುದಿಲ್ಲ.
ಮೂರನೇ ವಾರ ಅಲ್ಲಿಗೇ ಮೂತಿ ಚಾಚಿದರೆ
ಬಾಯಿಗೆ ಗೋಣಿಯ ನಾರು.

“ಅಷ್ಟಕ್ಕೇ ಇಷ್ಟು ಭೇದಿಯೇ?” ಅಂದಳು.
ಬಲೆ ತೋರಿಸಿದೆ:
ಕರುಳಿನ ಗೋಡೆ ಹೀಗೆ. ಕಣ್ಣು ಸಣ್ಣಗಿರಬೇಕು,
ಸಾರ ದಾಟಬೇಕು, ನಂಜು ದಾಟಬಾರದು.
ಮರಿ ಹೆದರಿದರೆ ಗಂಟು ಸಡಿಲುತ್ತದೆ.
ಒಳಗಿನ ಕಾವಲಿನವರು ಗಾಬರಿಯಲ್ಲಿ
ಕಂಡವರ ಮೇಲೆಲ್ಲ ಕೈಮಾಡುತ್ತಾರೆ.
ತಾಯಿಹಾಲು ಕೊಟ್ಟ ಕಾಪು ತೀರುತ್ತ ಬಂದಿದೆ,
ಸ್ವಂತದ್ದು ಇನ್ನೂ ಬಲಿತಿಲ್ಲ.

ಇನಾಸ ಬೀಡಿ ಆರಿಸಿ ನಕ್ಕ:
“ಕಣ್ಣು ದೊಡ್ಡದಾದರೆ ಮೀನು ಹೊರಗೆ ಹೋಗ್ತದೆ ಮಾರಾಯಾ,
ಒಳಗೆ ಬರೂದಿಲ್ಲ.”
ನನ್ನ ಉಪಮೆ ಅಲ್ಲಿಗೇ ಹರಿಯಿತು.

ಉಪ್ಪು ಸಕ್ಕರೆಯ ನೀರು, ಗಂಜಿತಿಳಿ,
ಒಣಹುಲ್ಲು, ರಾತ್ರಿಗೊಂದು ಬಲ್ಬು.
ಎರಡು ಸತ್ತವು. ನಾಲ್ಕು ಎದ್ದು ನಿಂತವು.
ಮಳೆಗಾಲ ಮುಗಿಯುವಾಗ ಎಲ್ಲವೂ ಒಂದೇ ತೂಕ,
ಒಂದೇ ಹೊಟ್ಟೆಬಾಕತನ. ಕಿವಿಯ ಬಣ್ಣವೂ ತೊಳೆದುಹೋಗಿತ್ತು.
ರಿಜಿಸ್ಟರಿನಲ್ಲಿ ಬರೆದೆ: ಗುಣವಾಗಿದೆ.

ನವೆಂಬರಿನಲ್ಲಿ ಒಂದು ಕೆಮ್ಮು ಬಂತು.
ದೊಡ್ಡದೇನಲ್ಲ, ಮೂರು ದಿನದ್ದು.
ನಾಲ್ಕು ಮಲಗಿದವು.
ಕಿವಿ ಮಡಿಸಿ ನೋಡಿದೆ, ಏನೂ ಇಲ್ಲ.
ಮಗಳಿಗೆ ಗೊತ್ತಿತ್ತು, ಹೆಸರಿಟ್ಟಿದ್ದಳಲ್ಲ:
ಮೂರು ಅವೇ.
ಒಂದು ಮನೆಯದು. ಲೆಕ್ಕ ಪೂರ್ತಿ ಕೂಡುವುದಿಲ್ಲ.

ನಾವು ಅನ್ನುತ್ತೇವೆ, ತಪ್ಪಾಯ್ತು, ಹೊಟ್ಟೆಗೆ ಹಾಕಿಕೋ,
ಅಲ್ಲಿಗೆ ಹೋದದ್ದು ಮುಗಿಯಿತು ಎಂಬಂತೆ.
ಹೊಟ್ಟೆಯೊಳಗೆ ಕೂತು
ಅದು ಉಳಿದ ಊಟವನ್ನೆಲ್ಲ ರುಚಿ ನೋಡುತ್ತಿರುತ್ತದೆ.

ಸೂಜಿ ತೊಳೆಯಲು ನೀರು ಸುರಿಯುತ್ತ ಜೆಸಿಂತಾ,
ಯಾರೂ ಕೇಳದೆ:
“ಅರ್ಗಾದಿಂದ ಎಬ್ಬಿಸಿದಾಗ ನನಗೆ ನಾಲ್ಕು ವರ್ಷ.
ಲಾರಿಯಲ್ಲಿ ಒಲೆಕಲ್ಲಿನ ಮೇಲೆ ಕೂರಿಸಿದ್ದರು.
ಈಗಲೂ ಲಾರಿ ಹಿಂದೆ ಸರಿಯುವ ಪೀಂ ಪೀಂ ಕೇಳಿದರೆ
ಕಕ್ಕಸಿಗೆ ಓಡಬೇಕು.”
ನಕ್ಕಳು. ನಾನೂ ನಕ್ಕೆ.
ಚೀಲದಲ್ಲಿ ಹಂದಿಗಳ ಪುಡಿ ಮಾತ್ರ ಇತ್ತು.

ಈ ವರ್ಷ ಮಾಜಾಳಿಯವನ ಫೋನು ಬಂದಾಗ ನಾನು ಅಲ್ಲೇ ಇದ್ದೆ.
ಗೋಣಿ ತಯಾರಿದೆಯಂತೆ, ಟೆಂಪೊ ತಯಾರಿದೆಯಂತೆ.
“ಇನ್ನು ಹನ್ನೊಂದು ದಿನ ಬಿಟ್ಟು ತಾ,” ಅಂದಳು,
“ಅಲ್ಲೀವರೆಗೆ ತಾಯಿಯ ಹಿಂಡಿಯ ದುಡ್ಡು ನನ್ನದು.”
ಆ ಕಡೆಯಿಂದ ಏನೋ ಹೇಳಿದ.
“ಹುಚ್ಚು ಅಂದುಕೋ,” ಅಂದು ಫೋನಿಟ್ಟು,
ಬಲೆಯ ಹರಿದ ಕಡೆ ಬೆರಳು ತೂರಿಸಿ ನೋಡಿದಳು.