ಸೊಂಟದ ಸುತ್ತ ಇನ್ನೂರು

ಗೋಮಾದ ಗಡಿಯಲ್ಲಿ ನಸುಕಿಗೇ ಸಾಲು.
ಮ್ವಾಮಿನಿಯ ಉಡುಗೆಯೊಳಗೆ, ಸೊಂಟ ಬಳಸಿ,
ಇನ್ನೂರು ಪ್ಲಾಸ್ಟಿಕ್ ಚೀಲ.
ನಡೆದರೆ ಸರಸರ;
ಅದಕ್ಕೇ ಕೆಮ್ಮುತ್ತ ನಡೆಯುತ್ತಾಳೆ.

ಆಚೆ ರುವಾಂಡಾ, ಚೀಲಕ್ಕೆ ನಿಷೇಧ.
ಈಚೆ ಹತ್ತಕ್ಕೆ ಹುಟ್ಟುವ ಕಾಸು
ಆಚೆ ಒಂದಕ್ಕೇ.

ಮಗ ಜೋಸುಯೆ ಅರ್ಥಶಾಸ್ತ್ರದವನು.
ರಾತ್ರಿ ಹೇಳಿದ್ದ:
‘ಅಮ್ಮಾ, ಸರಕಾರ ಸುಮ್ಮನೆ ಕೂತರೆ ಸಾಕು,
ಕಾಣದ ಕೈಯೊಂದು ಎಲ್ಲ ಹೊಂದಿಸುತ್ತೆ.
ಕೊಳ್ಳುವವಳು, ಮಾರುವವಳು, ನಡುವೆ ಇವರ್ಯಾರು?’
ಬೀನ್ಸಿನ ಕಲ್ಲು ಆರಿಸುತ್ತಲೇ ಅವಳು:
‘ಬಿಡ್ತು ಅನ್ನು.
ನಿಷೇಧ ಎದ್ದುಹೋದರೆ
ನನ್ನ ಚೀಲ ಯಾವಳು ಕೊಳ್ತಾಳೆ?
ನಿನ್ನ ಫೀಸು ಕಟ್ಟಿದ್ದು ಆ ಕಾನೂನೇ.’

ಈಗ ಅವಳ ಸರದಿ.
ಇದು ಕಾಣುವ ಕೈ, ಉವಿಂಬಾಬಾಜಿ ಮೇಡಂನದು,
ಉಗುರಿಗೆ ನೇರಳೆ ಬಣ್ಣ,
ಪಕ್ಕೆಯಿಂದ ಇಳಿಯುತ್ತ ಬರುತ್ತಿದೆ.
ಮೇಡಂ ಬೆನ್ನಹಿಂದೆ
ತೊಳೆದಿಟ್ಟಂಥ ರಸ್ತೆ.
ತನ್ನ ಓಣಿಯ ಮೋರಿ ನೆನಪಾಗುತ್ತದೆ,
ಚೀಲ ಕಟ್ಟಿಕೊಂಡು
ನೀರು ಮಂಚದ ಕಾಲಿಗೆ ಬಂದದ್ದು.
ಆ ರಸ್ತೆ ಅವಳಿಗೂ ಇಷ್ಟ.

ಉಸಿರು ಬಿಗಿಹಿಡಿಯುತ್ತಾಳೆ.
ಒಳಗೆಲ್ಲೋ ಒಂದು ಚೀಲ
ಸರ್ ಎನ್ನುತ್ತದೆ.

ಕೆಮ್ಮಿದ್ದು ಮೇಡಂ.