ಅಡ್ಡಿಯಿಲ್ಲ ಎಂಬ ಕಾಗದ

ಅಲ್ಲಿ ಏಳೂವರೆಗೆ ಕಚೇರಿಯ ಬಾಗಿಲು ತೆಗೆದರೆ
ಇಲ್ಲಿ, ಐರ್ಲೆಂಡಿನ ಗೋರ್ಟ್‌ನಲ್ಲಿ, ಆರೂವರೆ.
ರಾತ್ರಿ ಪಾಳಿ ಮುಗಿಸಿ, ವೃದ್ಧಾಶ್ರಮದ ಹಿಂಬದಿ,
ಲಾಂಡ್ರಿಯ ಬಿಸಿಯುಸಿರು ಬಿಡುವ ಕೊಳವೆಗೆ ಬೆನ್ನು ಕೊಟ್ಟು
ಫೋನು ಹಚ್ಚುತ್ತೇನೆ ಪೋಲೆಂಡಿಗೆ.
ಹನ್ನೊಂದು ಸಲ ರಿಂಗಾದ ಮೇಲೆ ವಾಂಡಾ:
"ಸೆಯ್ನಿ ಪುರಸಭೆ ಜನನ ಮರಣ ವಿವಾಹ."
ಒಂದೇ ಉಸಿರಿಗೆ ಮೂರೂ.

"ಯಾರು, ಬೋಝೇನಾನಾ? ಐವತ್ಮೂರಕ್ಕೆ ಮದುವೆಯಾ?"
ಹೌದು ಅಂದೆ.
"ಹುಡುಗ?" ಅಂದಳು, ನಕ್ಕಳು, ಕೆಮ್ಮಿದಳು.
ಹುಡುಗನಿಗೆ ನಲವತ್ತೊಂಬತ್ತು. ಬ್ರೆಜಿಲಿನವ. ಜೆನೆಜಿಯು.
ಮಾಂಸದ ಕಾರ್ಖಾನೆಯಲ್ಲಿ ಮೂಳೆ ಬಿಡಿಸುತ್ತಾನೆ,
ಕೈ ಸದಾ ತಣ್ಣಗೆ.
ನಮ್ಮಿಬ್ಬರದೂ ಮುರುಕು ಇಂಗ್ಲಿಷು,
ಎಡವುವುದೂ ಒಂದೇ ಕಲ್ಲಿಗೆ.

ಬರೆದುಕೋ, ಅಂದಳು. ಬರೆದುಕೊಂಡೆ, ಗ್ಲೌಸಿನ ಡಬ್ಬಿಯ ಮೇಲೆ.
ಅವನ ಜನನಪತ್ರ, ಮೊಹರಿನ ಮೇಲೆ ಮೊಹರು.
ಪ್ರಮಾಣ ಮಾಡಿದ ಅನುವಾದಕರ ಕೈಯಲ್ಲೇ ಅನುವಾದ.
ಅವನ ಮದುವೆಗೆ ಅಡ್ಡಿಯಿಲ್ಲ ಎಂಬ ಕಾಗದ.
ಅಂಥದ್ದನ್ನು ಅವನ ಊರಿನ ಕಚೇರಿ ಕೊಡುವುದೇ ಇಲ್ಲವಂತೆ.
ಹಾಗಾದರೆ, ಇಲ್ಲದ ಕಾಗದ ಬೇಕಿಲ್ಲ ಎಂದು
ಸುವಾಲ್ಕಿಯ ಕೋರ್ಟಿನಿಂದ ಒಂದು ಕಾಗದ.
"ಒಂಟಿ ಅಂತ ನೋಡಿದರೇ ಗೊತ್ತಾಗುವುದಿಲ್ಲವಾ ಇವರಿಗೆ?"
ಜೆನೆಜಿಯು ತನ್ನ ಅಂಗಿಯ ಕಾಲರು ಎತ್ತಿ ತೋರಿಸಿದ.
ಎಲ್ಲಕ್ಕೂ ಆರೇ ತಿಂಗಳ ವಾಯಿದೆ.
ಅಷ್ಟರಲ್ಲಿ ಆಗದಿದ್ದರೆ
ಮತ್ತೆ ಮೊದಲಿಂದ ಒಂಟಿಗಳಾಗಬೇಕು ನಾವು.

ಗಾಲ್ವೇಯಲ್ಲೇ ಆಗಬಹುದಲ್ಲ, ಎಲ್ಲರ ಉಪದೇಶ.
ಆಗಬಹುದು. ಆದರೆ ಸೆಯ್ನಿಯ ದಪ್ಪ ರಿಜಿಸ್ಟರಿನಲ್ಲಿ,
ತೊಂಬತ್ತೆರಡನೇ ಇಸವಿಯ ಪುಟದಲ್ಲಿ,
ಲೆಶೆಕ್‌ನ ಪಕ್ಕ ಇನ್ನೂ ಕೂತೇ ಇದ್ದಾಳೆ
ಇಪ್ಪತ್ತೆರಡರ ಹುಡುಗಿ, ಹೊಸ ಸಹಿ ಕಲಿಯುತ್ತ.
ಅವಳಿಗೆ ಯಾರಾದರೂ ಹೋಗಿ ಹೇಳಬೇಕಲ್ಲ.

ಕೊನೆಗೆ ವಾಂಡಾ, ದನಿ ತಗ್ಗಿಸಿ:
"ನಿನ್ನದೂ ಒಂದು ಬೇಕು. ಲೆಶೆಕ್‌ನ ಮರಣಪತ್ರ. ಪೂರ್ಣ ನಕಲು."

ಅಂಚೆಯಲ್ಲಿ ಬಂತು.
ಮಣ್ಣಿಗೆ ಹೋಗಿ ಬಂದಿದ್ದೆ ಆಗ,
ಎರಡು ದಿನದ ರಜೆ, ಅಗ್ಗದ ವಿಮಾನ.
ಗಳಿಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.
ಈಗ ಅಚ್ಚಾಗಿದೆ: ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷ.
ಇಲ್ಲಿ ಮೂರು ಹತ್ತು.
ಮೂರು ಹತ್ತಕ್ಕೆ ನಾನು ಮಿಸೆಸ್ ಹೆಹಿರ್ ಅವರ ಮಗ್ಗುಲು ಬದಲಿಸಿ
ಕೈ ತೊಳೆದು ಚಹಾ ಕುಡಿಯುತ್ತೇನೆ, ದಿನಾ.
ಅಂದೂ ಕುಡಿದಿರಬೇಕು.
ಎರಡು ಚಮಚ ಸಕ್ಕರೆ.
ಕಲಕಿರಬೇಕು.

ಮೇ ತಿಂಗಳು. ಪೋರ್ಚುಗೀಸ್ ಬಲ್ಲವರು ಸೆಯ್ನಿಯಲ್ಲಿ ಯಾರಿದ್ದಾರೆ!
ಬಿಯಾವಿಸ್ತೋಕಿನಿಂದ ಬಸ್ಸು ಹಿಡಿದು ಬಂದರು ದುಭಾಷಿ,
ಗಂಟೆಯ ಲೆಕ್ಕ, ನನ್ನ ಉಡುಪಿಗಿಂತ ದುಬಾರಿ.
ವಾಂಡಾ ಕೊರಳಿಗೆ ಹದ್ದಿನ ಬಿಲ್ಲೆಯ ಸರ ಹಾಕಿ
ಬೇರೆಯೇ ಹೆಂಗಸಾಗಿದ್ದಳು.
"ಹಕ್ಕು ಬಾಧ್ಯತೆಗಳನ್ನು ಅರಿತು..." ಎಂದಳು.
ದುಭಾಷಿ ಎಂದರು. ಜೆನೆಜಿಯು ಎಂದ, ತನ್ನದೇ ಭಾಷೆಯಲ್ಲಿ,
ಎಲ್ಲೂ ಎಡವದೆ.
ಅವನ ದನಿ ಅಷ್ಟು ಅಗಲ ಇದೆಯೆಂದು
ನಾಲ್ಕು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ.

ಆಮೇಲೆ ಅರ್ಜಿಯಲ್ಲಿ ತುಂಬಿದ್ದನ್ನು ಗಟ್ಟಿಯಾಗಿ ಓದಿದಳು:
ಹೆಂಡತಿಯ ಮನೆತನದ ಹೆಸರು
ಮಾಕರೆವಿಚ್ ಎಂದೇ ಮುಂದುವರಿಯತಕ್ಕದ್ದು.
ಲೆಶೆಕ್‌ನದು.
ನಾನವನಿಗೆ ಹೇಳಿರಲಿಲ್ಲ.
ಓದಲಾರದ ಸಾಲುಗಳ ಕೆಳಗೆ ಅವನು ಸಹಿ ಹಾಕಿದ್ದ.
ದುಭಾಷಿ ಅದನ್ನೂ ದಾಟಿಸಿದರು, ಒಂದಕ್ಷರ ಬಿಡದೆ.

ಜೆನೆಜಿಯು ಏನೋ ಅಂದ, ಉದ್ದಕ್ಕೆ.
ದುಭಾಷಿ ಕನ್ನಡಕ ಏರಿಸಿಕೊಂಡು,
"ಇದು ಕಲಾಪಕ್ಕೆ ಸೇರಿದ್ದಲ್ಲ. ಆದರೂ.
ಗೋರ್ಟ್‌ನ ಅಂಚೆಯವನಿಗೆ ಆ ಹೆಸರು
ಈಗೀಗಷ್ಟೇ ಓದಲು ಬರುತ್ತಿದೆಯಂತೆ,
ಅವನ ತಲೆ ಕೆಡಿಸುವುದು ಬೇಡ ಅನ್ನುತ್ತಿದ್ದಾರೆ."

ವಾಂಡಾ ಮೊಹರಿಗೆ ಶಾಯಿ ಹಚ್ಚುತ್ತಿದ್ದಳು.
"ಸಹಿ ಇಲ್ಲಿ," ಅಂದಳು. "ಗೆರೆ ದಾಟಬೇಡಿ."